ಹನ್ನೊಂದು ಗಂಟೆಯ ಪ್ರದರ್ಶನ

ಹೊದಿಕೆ ಎಳೆದಳು. ಕುರ್ಚಿ ಇರಲಿಲ್ಲ.

ಅದರ ಜಾಗದಲ್ಲಿ ಮಳಿಗೆಯ ಎರಡು ಪ್ಲಾಸ್ಟಿಕ್ ಆಸನಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಮೇಲೆ ಅದೇ ನೀಲಿ ಬಟ್ಟೆ ಹೊದಿಸಿದ್ದರು.

ಮಾರ್ಕೆಟಿಂಗ್ ಮ್ಯಾನೇಜರ್‌ಳ ಕಣ್ಣು ಗಡಿಯಾರದತ್ತ ಹೋಯಿತು. ಗಂಟೆ ಎಂಟು. ಹತ್ತಕ್ಕೆ ವ್ಯಾಪಾರ ಮೇಳದ ಬಾಗಿಲು ತೆರೆಯುತ್ತದೆ. ಹನ್ನೊಂದಕ್ಕೆ ಪ್ರದರ್ಶನ. ಮೆಟ್ಟಿಲು ಹತ್ತುವ ಗಾಲಿಕುರ್ಚಿ, ಕಂಪನಿಯ ಬಳಿ ಇದ್ದದ್ದು ಅದೊಂದೇ ಮಾದರಿ. ಎಂಟು ತಿಂಗಳು ಅವಳು ಅದಕ್ಕಾಗಿಯೇ ಓಡಾಡಿದ್ದಳು. ಎರಡು ಸಾಲು ಕೂಡುವ ಮೂಲೆಯ ಮಳಿಗೆಯನ್ನು ಜಗಳವಾಡಿ ಗಿಟ್ಟಿಸಿದ್ದಳು. ನಾಲ್ಕು ಮೆಟ್ಟಿಲ ವೇದಿಕೆ ಕಟ್ಟಿಸಿದ್ದಳು. ನಲವತ್ತು ಆಸ್ಪತ್ರೆಗಳ ಖರೀದಿ ಅಧಿಕಾರಿಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆದಿದ್ದಳು. ಎಲ್ಲಕ್ಕಿಂತ ಮೇಲೆ, ಆ ಕುರ್ಚಿಯಲ್ಲಿ ಕೂತು ಮೆಟ್ಟಿಲು ಹತ್ತಲು ಸ್ವಂತ ಅಕ್ಕನನ್ನೇ ಒಪ್ಪಿಸಿದ್ದಳು. ಹನ್ನೊಂದು ವರ್ಷದ ಹಿಂದೆ ಅಪಘಾತದಲ್ಲಿ ಅಕ್ಕನ ಕಾಲುಗಳು ಸ್ವಾಧೀನ ತಪ್ಪಿದ್ದವು.

ಕಾಲು ಗಂಟೆಯಲ್ಲಿ ಭದ್ರತೆಯ ಮೇಲ್ವಿಚಾರಕಿ ಬಂದಳು. ಇಪ್ಪತ್ತೆರಡು ವರ್ಷದಿಂದ ಇದೇ ಸಭಾಂಗಣದಲ್ಲಿ ಕಾವಲು ಕಾದವಳು. ಕೂಲಿಗಳಿಂದ ಹಿಡಿದು ಆಯೋಜಕರವರೆಗೆ ಎಲ್ಲರ ಬಾಯಲ್ಲೂ ಅವಳು 'ದೊಡ್ಡಮ್ಮ'. ಕನ್ನಡಕವನ್ನು ಮೂಗಿಗೇರಿಸಿ ಪ್ಲಾಸ್ಟಿಕ್ ಆಸನಗಳನ್ನು ಒಮ್ಮೆ ಸುತ್ತಿ ಬಂದಳು.

"ತೂಕ ಎಷ್ಟು?"

"ಎಂಬತ್ತು ಕಿಲೋ."

"ಕಂಕುಳಲ್ಲಿ ಇಟ್ಕೊಂಡು ಹೋಗೋ ಮಾಲಲ್ಲ. ಹೊರಗಿನ ಗೇಟಿನ ರಿಜಿಸ್ಟರ್ ನೋಡಿದೆ. ನಿನ್ನೆ ಸಂಜೆಯಿಂದ ಒಂದು ಮೊಳೆಯೂ ಆಚೆ ಹೋಗಿಲ್ಲ. ನೀವು ಕೊನೇಲಿ ಕುರ್ಚಿ ನೋಡಿದ್ದು ಯಾವಾಗ?"

"ಆರೂಕಾಲಿಗೆ."

"ಕುರ್ಚೀನ? ಇಲ್ಲ ಹೊದಿಕೇನ?"

ಅವಳು ತಡವರಿಸಿದಳು. "...ಹೊದಿಕೆ. ಐದು ಗಂಟೆಯಿಂದ ಆಯೋಜಕರ ಕಚೇರೀಲಿದ್ದೆ. ಮಳಿಗೇಲಿ ನಿಲ್ಲೋ ಹುಡುಗೀರಿಗೆ ಅಲ್ಲೇ ತರಬೇತಿ ಕೊಡ್ತಿದ್ದೆ."

"ಬೇರೇನಾದ್ರೂ ಹೋಗಿದೆಯಾ?"

"ಏನಿಲ್ಲ. ಕರಪತ್ರದ ನಾಲ್ಕು ಕಟ್ಟು ಕಡಿಮೆ ಇವೆ. ನಾನೇ ಎಣಿಸೋದು ತಪ್ಪಿರಬೇಕು."

"ನೀವು ಎಣಿಸೋದು ತಪ್ಪುತ್ತೀರಾ?"

ಅವಳ ಎಣಿಕೆ ಎಂದೂ ತಪ್ಪಿದ್ದಿಲ್ಲ.

ಅಷ್ಟರಲ್ಲಿ ಕಂಪನಿಯ ಯಜಮಾನರು ಬಂದರು. ಹಿಂದಿನ ಮಧ್ಯಾಹ್ನದಿಂದ ಅವರು ಪರದೇಶದ ಗಿರಾಕಿಗಳ ಜೊತೆ ಬೇರೆ ಊರಿನಲ್ಲಿದ್ದರು. ವಿಷಯ ಕೇಳಿದವರೇ ಎದುರು ಮಳಿಗೆಯತ್ತ ಬೆರಳು ತೋರಿಸಿದರು. "ಅವರೇ! ನಿನ್ನೆಯೆಲ್ಲ ಅವರ ಮಾರಾಟಗಾರ ನಮ್ಮ ಕುರ್ಚಿಯ ಫೋಟೋ ಹೊಡೀತಿದ್ದನಂತೆ!" ಆಮೇಲೆ ಮ್ಯಾನೇಜರ್‌ಳತ್ತ ತಿರುಗಿದರು. "ಮಳಿಗೆ ನಿಮ್ಮ ಕೈಯಲ್ಲಿತ್ತು. ಇದು ನಿಮ್ಮ ಕುತ್ತಿಗೆಗೇ ಬರೋದು, ತಿಳ್ಕೊಳ್ಳಿ."

ಹಿಂದಿನ ಸಂಜೆ ಮಳಿಗೆಯ ಹತ್ತಿರವಿದ್ದ ಮೂವರನ್ನು ದೊಡ್ಡಮ್ಮ ಕರೆಸಿದಳು. ಅವರು ಬಂದು ಸೇರುವಷ್ಟರಲ್ಲಿ ಹತ್ತಾಯಿತು.

ಎದುರು ಮಳಿಗೆಯ ಮಾರಾಟಗಾರ ನಕ್ಕ. "ಫೋಟೋ ಹೊಡೆದೆ. ಎಲ್ಲರೂ ಎಲ್ಲರದ್ದೂ ಹೊಡೀತಾರೆ. ಆರರವರೆಗೂ ನಮ್ಮ ಮಳಿಗೆಯ ಪರದೆ ಹಿಂದೆ ಒಬ್ಬನೇ ಪೆಟ್ಟಿಗೆ ಬಿಚ್ತಿದ್ದೆ. ಹಾಗಂತ ಕದ್ದೆ ಅಂತೀರಾ?"

ಬಡಗಿ ಕೆರಳಿದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಮೂರು ಸಲ ಮೆಟ್ಟಿಲು ಕಿತ್ತು ಕಟ್ಟಿಸಿದ್ರು ಅಂತ ಮೇಡಂ ಮೇಲೆ ಕೂಗಾಡಿದ್ದು ನಿಜ. ಐದೂವರೆಗೆ ಬಣ್ಣ ತರೋಕೆ ಹೋದೆ. ಆಗ ಕುರ್ಚಿ ಇಲ್ಲೇ ಇತ್ತು, ಕಣ್ಣಾರೆ ಕಂಡಿದ್ದೀನಿ."

ಮೂರನೆಯವನು ಇಂಜಿನಿಯರ್. ಕುರ್ಚಿಯನ್ನು ಹುಟ್ಟಿಸಿದವನೇ ಅವನು. ಮಾತು ಕಡಿಮೆ. ರಾತ್ರಿಯಿಡೀ ನಿದ್ದೆಗೆಟ್ಟವನಂತಿದ್ದ. "ಆರಕ್ಕೆ ಹೋದೆ. ಆಗ ಹೊದಿಕೆ ಇತ್ತು" ಎಂದಷ್ಟೇ ಹೇಳಿದ.

"ಅಂದ್ರೆ ಐದೂವರೆ ಆದ್ಮೇಲೆ ಕುರ್ಚೀನ ಯಾರೂ ನೋಡಿಲ್ಲ" ಎಂದಳು ದೊಡ್ಡಮ್ಮ. "ಎಲ್ಲರೂ ನೋಡಿದ್ದು ಬಟ್ಟೇನ."

ಸಭಾಂಗಣದ ಹಿಂದೊಂದು ಅಂಗಳವಿತ್ತು. ಮಳಿಗೆ ಜೋಡಿಸಿದ ಮೇಲೆ ಉಳಿಯುವ ಮರದ ಪೆಟ್ಟಿಗೆಗಳಿಗೆ 'ಖಾಲಿ' ಎಂಬ ಚೀಟಿ ಅಂಟಿಸಿ, ಮೇಳ ಮುಗಿಯುವವರೆಗೆ ಕೂಲಿಗಳು ಅಲ್ಲಿ ಪೇರಿಸುತ್ತಿದ್ದರು. ಆವರಣದ ಗೋಡೆ ದಾಟದ ಆ ಪೆಟ್ಟಿಗೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದೊಡ್ಡಮ್ಮ ಅಂಗಳದ ರಿಜಿಸ್ಟರ್ ತರಿಸಿ ಪುಟ ತಿರುವಿದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಎಲ್ಲರೂ ಬನ್ನಿ ನನ್ನ ಜೊತೆ."

ಗಂಟೆ ಹತ್ತೂವರೆ. ಮೇಳದ ಬಾಗಿಲು ತೆರೆದಾಗಿತ್ತು, ಒಳಗೆ ಜನ ತುಂಬತೊಡಗಿದ್ದರು. ಅಂಗಳದ ಮೂಲೆಯಲ್ಲಿ ಮ್ಯಾನೇಜರ್ ಮಳಿಗೆಯ ಸಂಖ್ಯೆ ಬರೆದ ದೊಡ್ಡ ಪೆಟ್ಟಿಗೆ ನಿಂತಿತ್ತು. ಮೇಲೆ 'ಖಾಲಿ' ಎಂಬ ಚೀಟಿ. ಬಡಗಿ ಅಗುಳಿ ತೆಗೆದ. ಮುಂಭಾಗದ ಹಲಗೆ ಇಳಿಜಾರಿನಂತೆ ನೆಲಕ್ಕೆ ಬಿತ್ತು.

ಒಳಗೆ ಕುರ್ಚಿ ಇತ್ತು.

"ಸಿಕ್ತಲ್ಲ!" ಯಜಮಾನರು ಕೈ ತಟ್ಟಿದರು. "ಇನ್ನೂ ಅರ್ಧ ಗಂಟೆ ಇದೆ. ಒಳಗೆ ತಗೊಂಡು ಹೋಗಿ. ನಿಮ್ಮ ಅಕ್ಕ ಬಂದಿದ್ದಾರಾ?"

"ಸ್ವಲ್ಪ ತಾಳಿ" ಎಂದಳು ದೊಡ್ಡಮ್ಮ. "ಖಾಲಿ ಪೆಟ್ಟಿಗೇನ ಇಬ್ಬರು ಕೂಲಿಗಳು ಎತ್ಕೊಂಡು ಬರ್ತಾರೆ. ನಿನ್ನೆ ಇನ್ನೂರ ಹದಿನಾರು ಪೆಟ್ಟಿಗೆ ಹಾಗೇ ಬಂದಿವೆ. ಇದೊಂದಕ್ಕೆ ಮಾತ್ರ, ಐದು ನಲವತ್ತಕ್ಕೆ, ಭಾರ ಎತ್ತೋ ಫೋರ್ಕ್‌ಲಿಫ್ಟ್ ಬಂದಿದೆ. ಖಾಲಿ ಪೆಟ್ಟಿಗೆಗೆ ಫೋರ್ಕ್‌ಲಿಫ್ಟ್ ಯಾಕೆ?"

ದೊಡ್ಡಮ್ಮ ಪೆಟ್ಟಿಗೆಯೊಳಗೆ ಬೆರಳು ತೋರಿಸಿದಳು.

"ಹಾಕಿದ್ದು ಯಾರು? ಗಾಲಿ ನೋಡಿ."

ಮ್ಯಾನೇಜರ್ ಬಗ್ಗಿದಳು. ಗಾಲಿಗಳ ಹಿಂದೆ ಮುಂದೆ ಕಾಗದದ ಕಟ್ಟುಗಳನ್ನು ಬಿಗಿಯಾಗಿ ಒತ್ತಾಗಿ ಇಟ್ಟಿದ್ದರು. ಅವಳದೇ ಕರಪತ್ರಗಳು. 'ನೂರಕ್ಕೆ ನೂರು ಸುರಕ್ಷಿತ'—ಆ ಸಾಲನ್ನು ಬರೆದದ್ದೂ ಅವಳೇ.

"ಪೆಟ್ಟಿಗೆ ಅಲುಗಾಡಿದರೆ ಕುರ್ಚಿ ಉರುಳಬಾರದು, ಸರಿ. ಅದಕ್ಕೆ ಬ್ರೇಕ್ ಎಳೆದರೆ ಸಾಕಲ್ಲ? ಕೈಗೆ ಸಿಗೋ ಹಾಗೇ ಇದೆ. ಈ ಬಡಗಿ ಆಗಿದ್ದರೆ ಎಳೀತಿದ್ದ. ಒತ್ತೇ ಬೇಕಿದ್ದರೆ ಅವನ ಚೀಲದಲ್ಲಿ ಮರದ ತುಂಡು ಬೇಕಾದಷ್ಟಿವೆ. ಎದುರು ಮಳಿಗೆಯವನು ಆಗಿದ್ದರೆ ನಿಮ್ಮ ಕರಪತ್ರ ನಂಬಿ ಎಳೀತಿದ್ದ." ದೊಡ್ಡಮ್ಮ ಕನ್ನಡಕ ತೆಗೆದಳು. "ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿರೋನು ಮಾತ್ರ ಹೀಗೆ ಮಾಡ್ತಾನೆ. ಯಜಮಾನರು ನಿನ್ನೆ ಊರಲ್ಲಿರಲಿಲ್ಲ, ಮೇಡಂ ಕಚೇರೀಲಿದ್ರು. ಮಿಕ್ಕವನು ನೀನೊಬ್ಬನೇ, ಇಂಜಿನಿಯರಪ್ಪ."

ಇಂಜಿನಿಯರ್ ತಲೆ ಎತ್ತಿದ.

"ಹೌದು. ನಾನೇ."

"ಕಳ್ಳ!" ಯಜಮಾನರು ಅಬ್ಬರಿಸಿದರು. "ಅನ್ನ ಉಂಡ ಮನೆಗೆ ಎರಡು ಬಗೆಯೋನು!"

ಇಂಜಿನಿಯರ್ ಗಾಲಿಗಳ ಒತ್ತು ಕಿತ್ತ. ಕುರ್ಚಿಯನ್ನು ಹಲಗೆಯ ಮೇಲೆ ತಂದು, ಬ್ರೇಕ್ ಎಳೆದು, ಕೈ ಬಿಟ್ಟ. ಒಂದು ಕ್ಷಣ ನಿಂತಿತು. ಆಮೇಲೆ ಕಟ್ ಎಂದು ಸದ್ದಾಯಿತು. ಕುರ್ಚಿ ಇಳಿಜಾರಿನಲ್ಲಿ ಜಾರಿ, ಅಂಗಳ ದಾಟಿ, ಎದುರಿನ ಪೆಟ್ಟಿಗೆಗಳಿಗೆ ಢಿಕ್ಕಿ ಹೊಡೆದು ಮಗುಚಿಕೊಂಡಿತು. ಅದರ ಒಂದು ಗಾಲಿ ಸುಮಾರು ಹೊತ್ತು ತಿರುಗುತ್ತಲೇ ಇತ್ತು.

"ಬರೀ ಕುರ್ಚಿ ಇದ್ದಾಗ ಹೀಗೆ" ಎಂದ. "ಮನುಷ್ಯರು ಕೂತು ಕುರ್ಚಿ ಮೂರನೇ ಮೆಟ್ಟಿಲಲ್ಲಿ ನಿಂತಾಗ ಹೇಗೆ ಅಂತ ನೀವೇ ಯೋಚಿಸಿ. ಆರು ವಾರದಲ್ಲಿ ನಾಲ್ಕು ಸಲ ಇಮೇಲ್ ಬರೆದೆ. ಇಬ್ಬರಿಗೂ. ಸರ್ 'ಮೇಳ ಆಗ್ಲಿ, ಆಮೇಲೆ ನೋಡೋಣ' ಅಂದ್ರು."

"ಇಬ್ಬರಿಗೂ?" ಮ್ಯಾನೇಜರ್‌ಳ ಕೈ ಫೋನಿನತ್ತ ಹೋಯಿತು.

"ನಿನ್ನೆ ನಾಲ್ಕು ಗಂಟೆಗೂ ಬಂದೆನಲ್ಲ ಮೇಡಂ. 'ಐದು ನಿಮಿಷ' ಅಂದೆ. ಪರದೆಯ ಅಳತೆ ತಪ್ಪಿದೆ ಅಂತ ನೀವು ಫೋನಲ್ಲಿದ್ರಿ. ಕೈ ಸನ್ನೇಲೇ ಹೋಗು ಅಂದ್ರಿ."

ಅವಳಿಗೆ ನೆನಪಿತ್ತು. ಇಮೇಲ್‌ಗಳೂ ನೆನಪಾದವು. ಕಾರ್ಖಾನೆಯಿಂದ ಬರುವುದೆಲ್ಲ ದೂರೇ ಎಂದು, ಅವೆಲ್ಲ ತಾವಾಗಿಯೇ 'ಮೇಳದ ನಂತರ' ಎಂಬ ಕಡತಕ್ಕೆ ಹೋಗಿ ಬೀಳುವಂತೆ ಎರಡು ತಿಂಗಳ ಹಿಂದೆ ಅವಳೇ ಮಾಡಿಟ್ಟಿದ್ದಳು. ಒಂದನ್ನೂ ತೆರೆದಿರಲಿಲ್ಲ.

"ಪೆಟ್ಟಿಗೆಗೆ ಹಾಕಿದವನು ಇವನು" ಎಂದಳು ದೊಡ್ಡಮ್ಮ. "ಹಾಕೋ ಗತಿ ತಂದವರು ನೀವಿಬ್ಬರು. ಮಾಲು ಆವರಣ ಬಿಟ್ಟು ಹೋಗಿಲ್ಲ, ಹಾಗಾಗಿ ಕಳವು ಅಂತ ನಾನು ಬರೆಯಲ್ಲ." ರಿಜಿಸ್ಟರ್ ಮುಚ್ಚಿ ಹೊರಟಳು.

ಯಜಮಾನರು ಇಂಜಿನಿಯರ್‌ನ ಕೊರಳ ಗುರುತುಚೀಟಿ ಕಿತ್ತುಕೊಂಡು, "ನಾಳೆಯಿಂದ ಮುಖ ತೋರಿಸಬೇಡ" ಎಂದರು. ಬಡಗಿಯೂ ಮಾರಾಟಗಾರನೂ ಮೆಲ್ಲಗೆ ಜಾಗ ಖಾಲಿ ಮಾಡಿದ ಮೇಲೆ ಅವರು ಮ್ಯಾನೇಜರ್ ಹತ್ತಿರ ಬಂದು ದನಿ ತಗ್ಗಿಸಿದರು. "ಸಾಗಣೇಲಿ ಪೆಟ್ಟಾಯ್ತು, ಪ್ರದರ್ಶನ ನಾಳೆ, ಅಂತ ಹೇಳಿ. ನಿಮಗೆ ಯಾವ ಇಮೇಲೂ ಬಂದಿಲ್ಲ, ನನಗೂ ಬಂದಿಲ್ಲ. ನಗುನಗ್ತಾ ಹೇಳಿ. ನೀವು ಅದರಲ್ಲಿ ಗಟ್ಟಿಗರು."

ಅವಳು ಮಳಿಗೆಗೆ ಮರಳಿದಳು. ಅಕ್ಕ ತನ್ನ ಹಳೆಯ ಗಾಲಿಕುರ್ಚಿಯಲ್ಲಿ ಮೆಟ್ಟಿಲ ಎದುರಿಗೇ ಕೂತಿದ್ದಳು. ಇದಕ್ಕೆಂದೇ ಹೊಸ ಬೂಟು ಕೊಂಡಿದ್ದಳು. ನಾಲ್ಕನೇ ಮೆಟ್ಟಿಲು ಏರಿದ ಮೇಲೆ ಏನು ಮಾತಾಡಬೇಕೆಂದು ಒಂದು ವಾರ ಬಾಯಿಪಾಠ ಮಾಡಿದ್ದಳು.

"ಏನೇ, ಮುಖ ಹೀಗೆ? ಕುರ್ಚಿ ಸಿಕ್ತಾ?"

"ಸಿಕ್ತು ಅಕ್ಕ. ಬ್ರೇಕ್ ಕೆಟ್ಟಿದೆ. ಕೂತಿದ್ದರೆ... ಬೀಳ್ತಿದ್ದೆ. ಅದಕ್ಕೇ ನಮ್ಮ ಇಂಜಿನಿಯರ್ ಬಚ್ಚಿಟ್ಟಿದ್ದ."

ಅಕ್ಕ ಮೆಟ್ಟಿಲುಗಳನ್ನೊಮ್ಮೆ ನೋಡಿದಳು. ಆಮೇಲೆ ತಂಗಿಯನ್ನು.

"ನಿನಗೆ ಗೊತ್ತಿತ್ತಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ನಾಲ್ಕು ಸಲ ಬರೆದಿದ್ದ. ನಾನು ಓದ್ಲಿಲ್ಲ."

ಅಕ್ಕ ಮಡಿಲ ಮೇಲಿದ್ದ ಭಾಷಣದ ಹಾಳೆಯನ್ನು ಸಣ್ಣದಾಗಿ ಮಡಚಿದಳು. "ಮನೆಗೆ ಹೋಗ್ಬೇಕು."

ತಂಗಿ ಕುರ್ಚಿಯ ಹಿಂದಕ್ಕೆ ಹೋಗಿ ಹಿಡಿಗೆ ಕೈ ಹಾಕಿದಳು.

"ನೀನು ಬೇಡ" ಎಂದಳು ಅಕ್ಕ, ಹಿಂತಿರುಗದೆ. "ಆ ಇಂಜಿನಿಯರ್ ಎಲ್ಲಿದ್ದಾನೆ? ಅವನನ್ನ ಕರಿ. ಅವನು ತಳ್ಳಲಿ."

ಅವನು ಹೊರಬಾಗಿಲ ಬಳಿ ಸಿಕ್ಕಿದ. ಅವಳು ಹೇಳಿದ್ದನ್ನು ಕೇಳಿ ಬಂದು ಹಿಡಿ ಹಿಡಿದ. ಜನ ದಾರಿ ಬಿಟ್ಟರು. ಅಕ್ಕ ಏನೋ ಕೇಳಿದಳು, ಅವನು ಬಗ್ಗಿ ಉತ್ತರಿಸಿದ. ಇಬ್ಬರೂ ತಿರುವಿನಲ್ಲಿ ಮರೆಯಾದರು.

ಮೆಟ್ಟಿಲ ಸುತ್ತ ಆಗಲೇ ಮೂವತ್ತು ನಲವತ್ತು ಜನ ಸೇರಿದ್ದರು. ಆಸ್ಪತ್ರೆಯ ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಂಡು ಮುಂದೆ ಬಂದರು. "ಮೇಡಂ, ಹನ್ನೊಂದಾಯ್ತು. ಶುರು ಮಾಡ್ತೀರಾ?"

ಯಜಮಾನರು ಜನರ ಹಿಂದೆ ನಿಂತು, ನಗಿ ಎಂಬಂತೆ ಕೈಸನ್ನೆ ಮಾಡುತ್ತಿದ್ದರು.

ಅವಳು ಮೈಕ್ ಕೈಗೆತ್ತಿಕೊಂಡಳು.

"ಪ್ರದರ್ಶನ ಇವತ್ತೂ ಇಲ್ಲ, ನಾಳೆಯೂ ಇಲ್ಲ" ಎಂದಳು. "ಈ ಕುರ್ಚಿಗೆ ಬ್ರೇಕ್ ಹಿಡಿಯೋದಿಲ್ಲ. ದಯವಿಟ್ಟು ಯಾರೂ ಕೊಳ್ಳಬೇಡಿ."