ಪಕ್ಕದ ಟಾರ್ಗೆಟ್

ರಶೀದಾಬೇಗಂ ಮಖಮಲ್ಲಿನ ಪೆಟ್ಟಿಗೆಯ ಮುಚ್ಚಳ ಎತ್ತಿದ್ದೇ ತಡ, ಬಂದೇಅಲಿಯ ಮುಖ ಅರಳಿತು. ತಾಜುನ್ನಿಸಾ ಅದನ್ನು ಕಣ್ಣಾರೆ ಕಂಡಳು. ಎರಡು ವರ್ಷದಿಂದ ಭಾನುವಾರ ಭಾನುವಾರ ಆ ಮುಖವನ್ನು ಕದ್ದು ನೋಡುತ್ತ ಬಂದವಳು ಅವಳು. ಅದು ಇಷ್ಟು ಅರಳಬಲ್ಲದು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಅರೆ ವಾಹ್! ಜರ್ಮನಿದು ಏನ್ರಿ?"

"ಹೌದು ಉಸ್ತಾದ್. ನಮ್ಮ ಮಾಮೂ ಕೊಟ್ಟದ್ದು. ಕೈಯಾಗ ಹಿಡ್ದು ನೋಡ್ರಿ, ಕಚ್ಚೂದಿಲ್ಲ," ಎಂದು ರಶೀದಾ ನಕ್ಕಳು. ನಕ್ಕರೆ ಕೆನ್ನೆಯಲ್ಲಿ ಗುಳಿ ಬೇರೆ ಬೀಳುತ್ತಿತ್ತು. ಆ ಗುಳಿಯನ್ನೂ ತಾಜು ಲೆಕ್ಕಕ್ಕೆ ಹಿಡಿದಳು.

ರಾವೂರಿನ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಖಣಿಯೊಂದಿತ್ತು. ವಾಡಿಯ ಸಿಮೆಂಟ್ ಕಾಲೊನಿಯ ರೈಫಲ್ ಕ್ಲಬ್ಬಿಗೆ ಅದೇ ಫೈರಿಂಗ್ ರೇಂಜ್. ಟಾರ್ಗೆಟ್‌ಗಳ ಹಿಂದೆ ಕರಿಮಣ್ಣಿನ ದಿಬ್ಬ, ಸುತ್ತ ಬಿಸಿಲಿಗೆ ಕಣ್ಣು ಕುಕ್ಕುವ ಬಿಳಿ ಕಲ್ಲು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ವರ್ಷವಾಗಿದ್ದರೂ ಕ್ಲಬ್ಬಿನ ಬೋರ್ಡಿನ ಮೇಲೆ ಇನ್ನೂ ಮೈಸೂರು ರಾಜ್ಯವೇ ಇತ್ತು. ಯಾರೂ ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಬಂದೇಅಲಿ ಫ್ಯಾಕ್ಟರಿಯ ಕಾವಲುಗಾರರ ಬಂದೂಕುಗಳನ್ನು ರಿಪೇರಿ ಮಾಡಿಕೊಂಡಿರುವವನು. ಭಾನುವಾರ ಬಂತೆಂದರೆ ಕ್ಲಬ್ಬಿನ ಉಸ್ತಾದ. ತಾಜು ಫ್ಯಾಕ್ಟರಿಯ ಟೆಲಿಫೋನ್ ಆಪರೇಟರ್. ದಿನವಿಡೀ ಊರವರ ಮಾತಿಗೆಲ್ಲ ಲೈನ್ ಜೋಡಿಸಿಕೊಡುತ್ತಾಳೆ, ತನ್ನ ಮಾತಿಗೆ ಮಾತ್ರ ಲೈನ್ ಸಿಕ್ಕಿಲ್ಲ. ಇನ್ನು ಈ ರಶೀದಾ, ಹೊಸ ಇಂಜಿನಿಯರ್ ಸಾಹೇಬರ ತಂಗಿ. ಹೈದರಾಬಾದಿನಿಂದ ಬಂದು ತಿಂಗಳೂ ತುಂಬಿಲ್ಲ. ಇಂಜಿನಿಯರ್ ಸಾಹೇಬರು ತಂಗಿಗೆ ಗಂಡು ನೋಡುತ್ತಿದ್ದಾರೆ, ಬಂದೇಅಲಿಯನ್ನು ಎರಡು ಸಲ ಚಹಾಕ್ಕೆ ಕರೆದಿದ್ದಾರೆ ಎಂಬ ಸುದ್ದಿ ಎಕ್ಸ್‌ಚೇಂಜಿನ ತಂತಿಗಳ ಮೂಲಕವೇ ತಾಜುವಿನ ಕಿವಿಗೆ ಬಿದ್ದಿತ್ತು.

ಮೇಜಿನ ಮೇಲೆ ಹಾಸಿದ ಗೋಣಿತಾಟಿನ ಮೇಲೆ ಈಗ ಎರಡೂ ಅಕ್ಕಪಕ್ಕ ಮಲಗಿದ್ದವು. ಒಂದು ರಶೀದಾಳ ಜರ್ಮನ್ ಪಿಸ್ತೂಲು, ತೆಳ್ಳಗೆ, ನೀಲಿಗಪ್ಪಗೆ ಮಿಂಚುತ್ತಿತ್ತು. ಇನ್ನೊಂದು ಕ್ಲಬ್ಬಿನ ವೆಬ್ಲಿ ರಿವಾಲ್ವರ್. ಬ್ರಿಟಿಷರ ಕಾಲದ್ದು, ಹಿಡಿಯ ಬಣ್ಣ ಹೋಗಿತ್ತು. ಎರಡು ವರ್ಷದಿಂದ ತಾಜು ಹಿಡಿದದ್ದು ಅದೊಂದನ್ನೇ.

"ಇದರ ಕುದುರಿ ನೋಡ್ರಿ, ಬೆಣ್ಣಿ!" ಬಂದೇಅಲಿ ಪಿಸ್ತೂಲನ್ನು ಹೂವಿನಂತೆ ಎತ್ತಿ ಟ್ರಿಗರಿಗೆ ಬೆರಳು ತಾಗಿಸಿದ. "ಬಟ್ಟು ಇಟ್ರ ಸಾಕು. ವೆಬ್ಲಿದು ಎತ್ತು ಜಗ್ಗಿದಂಗ ಜಗ್ಗಬೇಕು. ಗುಂಡು ಭಾರ, ಧಕ್ಕಾ ಭಾಳ. ಇದು ಸಣ್ಣ ಗುಂಡಿಂದು, ಕೈ ಅಲುಗೂದೇ ಇಲ್ಲ."

"ವೆಬ್ಲಿ ನಾನೂ ಒಮ್ಮೆ ಹೊಡ್ದು ನೋಡ್ಲೇನು?" ರಶೀದಾ ಕೇಳಿದಳು.

ಬಂದೇಅಲಿ ಒಂದು ಕ್ಷಣ ತಡೆದ. ಆಮೇಲೆ ರಿವಾಲ್ವರ್ ಕೊಟ್ಟು, ಅವಳ ಮಣಿಕಟ್ಟಿನ ಕೆಳಗೆ ಕೈಯಿಟ್ಟು ಎತ್ತಿ ಹಿಡಿದ. "ಹಿಂಗ. ಉಸಿರು ಬಿಡ್ರಿ. ಈಗ."

ಮಣಿಕಟ್ಟು! ಎರಡು ವರ್ಷದಲ್ಲಿ ತಾಜುವಿನ ತೋಳಿನ ಬಟ್ಟೆಗೂ ಆ ಕೈ ತಾಗಿರಲಿಲ್ಲ. ಎಲ್ಲ ಮಾತಿನಲ್ಲೇ, ಮಾರು ದೂರ ನಿಂತು. ಅದನ್ನು ಮರ್ಯಾದೆ ಎಂದು ಅವಳು ಮೆಚ್ಚಿಕೊಂಡಿದ್ದಳು. ಹುಚ್ಚಿ.

ಢಂ ಎಂದಿತು. ಗುಂಡು ಟಾರ್ಗೆಟ್ಟಿನ ಬಲಗಡೆ ಮಣ್ಣು ಹಾರಿಸಿತು. ಎರಡನೆಯದೂ ಅಲ್ಲೇ.

"ಬಲಕ್ಕ ಓಡ್ತದ್ರಿ ಅದು," ಬಂದೇಅಲಿ ಅವಸರದಿಂದ ರಿವಾಲ್ವರ್ ತೆಗೆದುಕೊಂಡ. "ಹಳೇದು. ನಿಮ್ಮ ತಪ್ಪಲ್ಲ. ನಿಮ್ಮದೇ ಚಲೋ ಅದ, ಅದರಾಗೇ ಹೊಡೀರಿ."

ತಾಜುವಿನ ಕಿವಿ ಸುಟ್ಟಂತಾಯಿತು. ಬಲಕ್ಕೆ ಓಡುತ್ತದೆಯೇ? ತನ್ನ ಕೈಯಲ್ಲಿ ಅದು ಒಂದು ದಿನ ಬಲಕ್ಕೆ ಓಡಿದ್ದಿಲ್ಲ! ಆ ಗುಳಿ ಬೀಳುವ ಕೆನ್ನೆಯನ್ನು ಖುಷಿಪಡಿಸಲು ಎಂಥ ಸುಳ್ಳು!

ಫ್ಯಾಕ್ಟರಿ ಆಸ್ಪತ್ರೆಯ ನರ್ಸ್ ಅನಸುಬಾಯಿ ಪಕ್ಕದಲ್ಲಿ ಕುಳಿತು ಕಾಗದದಲ್ಲಿ ಕಟ್ಟಿ ತಂದ ಚುರುಮುರಿ ಸುಸಲಾ ತಿನ್ನುತ್ತಿದ್ದಳು. "ಏನವಾ ತಾಜು, ಆ ಪಿಸ್ತೂಲ್ ನುಂಗೂ ಹಂಗ ನೋಡಾಕತ್ತಿ?"

"ಪಿಸ್ತೂಲ್ ಯಾರು ನೋಡಾಕತ್ತಾರ ಅಕ್ಕಾ?"

"ಅದನ್ನೇ ನಾನೂ ಅಂದೆ," ಎಂದು ಅನಸುಬಾಯಿ ಒಂದು ಮೆಣಸಿನಕಾಯಿ ಕಡಿದಳು. "ಇವತ್ತು ಗೆದ್ದಾಕಿ ಗುಲ್ಬರ್ಗಾಕ್ಕ ಜಿಲ್ಲಾ ಮ್ಯಾಚಿಗೆ ಹೋಗ್ತಾಳ, ಸಂಗಾಟ ಉಸ್ತಾದ್ ಹೋಗ್ತಾನ. ಹೊಟ್ಟಿ ಉರಿ ಆಮ್ಯಾಲ ಆಗ್ಲಿ, ಮೊದಲು ಗುರಿ ನೋಡು."

ಗುರಿ! ಅದೇ ತಾನೇ ಬೇಕಾದದ್ದು. ತಾಜು ಸೆರಗು ಸೊಂಟಕ್ಕೆ ಸಿಕ್ಕಿಸಿ, ವೆಬ್ಲಿ ಎತ್ತಿಕೊಂಡು ಎರಡನೇ ನಂಬರಿನ ಸಾಲಿಗೆ ಹೋಗಿ ನಿಂತಳು. ರಶೀದಾ ಮೂರನೆಯದರಲ್ಲಿ. ಬಂದೇಅಲಿ ಕೆಂಪು ಬಾವುಟ ಏರಿಸಿ, ಬಂದು ನಿಂತದ್ದೂ ಮೂರರ ಹಿಂದೆಯೇ.

"ತಯಾರ್? ಆರು ಗುಂಡು. ಫೈರ್!"

ರಶೀದಾಳ ಪಿಸ್ತೂಲು ಟಪ್ ಟಪ್ ಎಂದು ಸಣ್ಣಗೆ ಮಾತಾಡತೊಡಗಿತು. "ಶಾಬಾಶ್," ಎಂದ ಬಂದೇಅಲಿ, ಮೆಲ್ಲಗೆ. ಆ ಶಾಬಾಶ್ ಬಂದ ಕಡೆಗೇ ತಾಜುವಿನ ಕಣ್ಣು ಹೋಯಿತು. ಅಲ್ಲಿಂದ ರಶೀದಾಳ ತೋಳು, ಅಲ್ಲಿಂದ ಆ ಪಿಸ್ತೂಲಿನ ತುದಿ, ಅಲ್ಲಿಂದ ನೇರ ಆ ಟಾರ್ಗೆಟ್ಟಿನ ಕಪ್ಪು ಕಣ್ಣು. ತೋರಿಸ್ತೀನಿ ನಿನಗ ಶಾಬಾಶ್ ಎಂದುಕೊಂಡು ಕುದುರೆ ಎಳೆದಳು. ಆ ದಿನದಷ್ಟು ಗಟ್ಟಿಯಾಗಿ ಅವಳ ಕೈ ಎಂದೂ ನಿಂತಿರಲಿಲ್ಲ. ಆರೂ ಗುಂಡು ಮುಗಿಸಿದಳು.

ಬಂದೂಕುಗಳನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು ಎಲ್ಲರೂ ನೋಡಲು ಹೋದರು.

ತಾಜುವಿನ ಟಾರ್ಗೆಟ್ ಬೆಳಿಗ್ಗೆ ಅಂಟಿಸಿದ ಹಾಗೆಯೇ ಇತ್ತು. ಒಂದು ತೂತಿಲ್ಲ.

ರಶೀದಾಳದ್ದರ ಮೇಲೆ ಹನ್ನೆರಡು. ಆರು ಸಣ್ಣವು, ಅಲ್ಲಲ್ಲಿ ಚೆದುರಿದವು. ಇನ್ನಾರು ವೆಬ್ಲಿಯ ದೊಡ್ಡ ತೂತುಗಳು, ನಟ್ಟನಡುವೆ, ಒಂದು ಚಹಾದ ಬಸಿ ಮುಚ್ಚುವಷ್ಟು ಜಾಗದಲ್ಲಿ.

ಅನಸುಬಾಯಿ ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದಳು. "ಯವ್ವಾ! ಎದೀ ಒಳಗಿನ ಉರಿ ಕಾಗದದ ಮ್ಯಾಲ ಬಂದದಲ್ಲ!"

"ನನ್ನ ಟಾರ್ಗೆಟ್ ಮ್ಯಾಲ ಇಷ್ಟು ಮೊಹಬ್ಬತ್ ಯಾಕ ಆಪಾ?" ರಶೀದಾ ಕೇಳಿದಳು. ಬಂದೇಅಲಿಯನ್ನೊಮ್ಮೆ ತಾಜುವನ್ನೊಮ್ಮೆ ನೋಡಿ, ಏನೋ ತಿಳಿದವಳಂತೆ ತುಟಿ ಕಚ್ಚಿಕೊಂಡಳು.

ತಾಜುವಿಗೆ ಆ ಕರಿಮಣ್ಣಿನ ದಿಬ್ಬದೊಳಗೆ ಹೂತುಹೋಗುವಂತಾಯಿತು. ಎಕ್ಸ್‌ಚೇಂಜಿನಲ್ಲಿ ಎಷ್ಟೊಂದು ಗುಟ್ಟು ನುಂಗಿದವಳು, ತನ್ನದನ್ನು ಮಾತ್ರ ಹೀಗೆ ಊರ ಮುಂದೆ ಗುಂಡು ಹೊಡೆದು ಸಾರಿದ್ದಳು.

"ಪಕ್ಕದ ಟಾರ್ಗೆಟ್ಟಿಗೆ ಹೊಡದ್ರ ಸೊನ್ನಿ," ಬಂದೇಅಲಿ ತಲೆಯೆತ್ತದೆ ಹೇಳಿದ. "ರಶೀದಾಬೇಗಂ ಗುಲ್ಬರ್ಗಾಕ್ಕ."

"ಹಾಕ್ರಿ ಸೊನ್ನಿ," ಎಂದಳು ತಾಜು.

ಉಳಿದವರು ಜೀಪಿನ ಕಡೆ ನಡೆದರು. ಹೊಡೆದವರೇ ಬಂದೂಕು ಒರೆಸಿಡಬೇಕು ಎಂಬುದು ಕ್ಲಬ್ಬಿನ ಕಟ್ಟಳೆ. ತಾಜು ಎಣ್ಣೆಬಟ್ಟೆಯಿಂದ ವೆಬ್ಲಿಯನ್ನು ಹಲ್ಲು ಕಚ್ಚಿಕೊಂಡು ತಿಕ್ಕುತ್ತಿದ್ದಳು.

"ಅಷ್ಟು ತಿಕ್ಕಿದ್ರ ಕಬ್ಬಣ ಸವೀತದ್ರಿ," ಬಂದೇಅಲಿ ಮೇಜಿನ ಆಚೆ ನಿಂತು ಹೇಳಿದ.

"ಸವೀಲಿ. ಬಲಕ್ಕ ಓಡೂ ಹಳೇ ಕಬ್ಬಣ ಯಾರಿಗಿ ಬೇಕು? ಸುಳ್ಳು ಹೇಳಾಕ ನಾಚಿಕಿ ಆಗಲಿಲ್ಲೇನು ನಿಮಗ?"

"ಸುಳ್ಳಲ್ಲ. ಖರೇನೇ ಓಡ್ತದ. ಎಲ್ಲರ ಕೈಯಾಗೂ ಓಡ್ತದ. ನಿಮ್ಮ ಕೈಯಾಗ ಅಷ್ಟ ಓಡೂದಿಲ್ಲ."

ಅವಳು ತಿಕ್ಕುವುದನ್ನು ನಿಲ್ಲಿಸಿದಳು.

ಬಂದೇಅಲಿ ನಳಿಗೆಯ ತುದಿಯ ಮೇಲೆ ಬೆರಳಿಟ್ಟ. ಗುರಿ ಹಿಡಿಯಲೆಂದು ಅಲ್ಲೊಂದು ಸಣ್ಣ ಕಬ್ಬಿಣದ ಏಣು ಇರುತ್ತದೆ, ಬಂದೂಕಿನವರು ಅದನ್ನು ಮಕ್ಖಿ ಅನ್ನುತ್ತಾರೆ. "ಕುದುರಿ ಜಗ್ಗೂವಾಗ ನಿಮ್ಮ ಕೈ ಎಡಕ್ಕ ಹೋಗ್ತದ. ಮೊದಲನೇ ದಿನಾನೇ ನೋಡ್ದೆ. ಅದಕ್ಕ ಈ ಮಕ್ಖಿನ ಬಲಗಡಿಂದ ಅರದ್ಲೆ ಸ್ವಲ್ಪ ಸ್ವಲ್ಪ ತಿಕ್ಕಿ, ನಿಮ್ಮ ಕೈಗೆ ಹೊಂದಿಸೀನಿ. ಕ್ಲಬ್ಬಿನವರಿಗೆ ಗೊತ್ತಾದ್ರ ನನ್ನ ನೌಕರಿ ಹೋಗ್ತದ. ಇವತ್ತು ರಶೀದಾಬೇಗಂ ಅದನ್ನ ಕೇಳಿದಾಗ ನನ್ನ ಜೀವಾನೇ ಬಾಯಿಗೆ ಬಂದಿತ್ತು."

"ಎಲ್ಲರಿಗೂ ಹೇಳೂ ಹಂಗ ಕೈ ತಿದ್ಕೋ ಅಂತ ನನಗೂ ಹೇಳಬೇಕಿತ್ತು."

"ಬಾಯಿಲೆ ಹೇಳಿದ್ರ ಕೈ ತಿದ್ದೂದಿಲ್ರಿ. ಹಿಡ್ದು ತಿದ್ದಬೇಕು." ಅವನ ದನಿ ತಗ್ಗಿತು. "ರಶೀದಾಬೇಗಂ ಕೈ ಹಿಡಿಯಾಕ ನನಗೇನು ಅಂಜಿಕಿ? ಹಿಡದೆ, ಬಿಟ್ಟೆ. ನಿಮ್ಮದು ಹಿಡದಿದ್ರ ಬಿಡಾಕ ಆಗ್ತಿದ್ದಿಲ್ಲ."

ದೂರದಲ್ಲಿ ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿಯೊಂದು ಕೂಗಿತು. ತಾಜು ತಲೆ ಬಗ್ಗಿಸಿ ವೆಬ್ಲಿಯನ್ನು ಮತ್ತೆ ಒರೆಸಿದಳು, ಈ ಸಲ ಮಗುವಿನ ಮುಖ ಒರೆಸಿದಂತೆ. ಕಣ್ಣೀರು ಬಂದದ್ದು ಎಣ್ಣೆಯ ವಾಸನೆಗೆ ಎಂದು ಹೇಳಿದರಾಯಿತು ಎಂದುಕೊಂಡಳು. ಅವನು ಕೇಳಲಿಲ್ಲ.

"ಗುಲ್ಬರ್ಗಾದ ರೈಲು ಯಾವತ್ತು?"

"ಗುರುವಾರ ಮುಂಜಾನಿ."

"ಆಕಿ ಸಂಗಾಟ?"

"ಆಕಿ, ಆಕಿ ಅಣ್ಣ, ಅನಸುಬಾಯಿ, ಎಲ್ಲಾರೂ."

ತಾಜು ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ, ಮೇಜಿನ ಮೇಲಿಂದ ಅವನ ಕಡೆಗೆ ದಾಟಿಸಿದಳು. ಆದರೆ ಕೈ ಬಿಡಲಿಲ್ಲ. ಆ ಕಡೆ ಅವನೂ ಹಿಡಿದುಕೊಂಡೇ ನಿಂತ.

"ಹಂಗಾದ್ರ ಬುಧವಾರ ನಿಮ್ಮ ಅಮ್ಮೀನ ನಮ್ಮ ಮನಿಗೆ ಕಳಸ್ರಿ. ಮಾತು ಪಕ್ಕಾ ಆಗ್ಬೇಕು, ನಮ್ಮಪ್ಪ ಎಲ್ಲಾರಿಗೂ ಸಕ್ಕರಿ ಹಂಚಬೇಕು. ಆಮ್ಯಾಲ ನೀವು ರೈಲು ಹತ್ತಬೇಕು."

ಬಂದೇಅಲಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಜರ್ಮನ್ ಪಿಸ್ತೂಲಿಗೆ ಅರಳಿದ ಮುಖ ಇದರ ಮುಂದೆ ಏನೇನೂ ಅಲ್ಲ ಎನ್ನುವುದು ತಾಜುವಿಗೆ ಕಾಣಿಸಿತು. "ಇಷ್ಟು ಅವಸರ ಯಾಕ್ರಿ? ಆ ಹುಡುಗಿ ಪಾಪ ನಿಮಗ ಏನ್ ಮಾಡ್ಯಾಳ?"

"ಏನೂ ಮಾಡಿಲ್ಲ. ಭಾಳ ಚಲೋ ಹುಡುಗಿ," ಎಂದಳು ತಾಜು. "ಅದಕ್ಕೇ ಬುಧವಾರ ಅಂದದ್ದು."