ಕೆಂಪು ಗಾಡಿ ಮತ್ತು ಅಜ್ಜನ ಟಾವೆಲ್

“ಇದರ ಹಲ್ಲು ಎಲ್ಲಿ ಅದಾವೋ ತಮ್ಮಾ?” ಎಂದು ರೇವಪ್ಪಜ್ಜ ಕೇಳಿದ.

ಗಾಡಿ ಮಾರುವ ಅಜಿತ ಬಾಯಿ ಬಿಟ್ಟುಕೊಂಡು ನಿಂತ. “ಮೋಟರ್ ಸೈಕಲ್ಲಿಗೆ ಎಲ್ಲಿ ಹಲ್ಲಿರ್ತಾವ್ರಿ ಯಜ್ಜಾ!”

“ಹಲ್ಲು ನೋಡದ ವಯಸ್ಸು ಹೆಂಗ ತಿಳೀಬೇಕು?”

“ಆರ್‌ಸಿ ಬುಕ್ಕಿನ್ಯಾಗ ಐತ್ರಿ. ಎಂಬತ್ಮೂರನೇ ಇಸ್ವಿ ಮಾಡೆಲ್.”

“ಅಯ್ಯ! ಎತ್ತಾಗಿದ್ರ ಸತ್ತು ಇಪ್ಪತ್ತು ವರ್ಷ ಆಗಿರ್ತಿತ್ತು!”

ಅಜ್ಜನ ಮತ್ತು ಅಪ್ಪನ ನಡುವೆ ನಿಂತಿದ್ದ ಮೇಘಾಳಿಗೆ ನಾಚಿಕೆಯಾಯಿತು. ‘ಈ ಅಜ್ಜ ಇನ್ನು ಬಾಲ ಎಲ್ಲಿದೆ ಅಂತ ಕೇಳದಿದ್ದರೆ ಸಾಕು’ ಅಂದುಕೊಂಡಳು.

ಅಜ್ಜನನ್ನು ಕಾಖಂಡಕಿ ಹಳ್ಳಿಯಿಂದ ಕರೆಸಿದವಳು ಅವ್ವ. ಹೋದ ವರ್ಷ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಕೂಲರ್ ತಂದಿದ್ದ. ಅದು ಎರಡು ದಿನ ಗಾಳಿ ಕೊಟ್ಟಿತು, ಮೂರನೆಯ ದಿನ ಹೊಗೆ ಕೊಟ್ಟಿತು. ಅಂದಿನಿಂದ ಅವ್ವನದು ಒಂದೇ ಹಟ: “ಹಳೇ ಸಾಮಾನು ತರೂದಾದ್ರ ಮಾವಾರು ಹೂಂ ಅನ್ನಬೇಕು.” ಎತ್ತಿನ ಸಂತೆಯಲ್ಲಿ ಅಜ್ಜ ಒಮ್ಮೆಯೂ ಮೋಸ ಹೋದವನಲ್ಲ. ಆದರೆ ಅವನು ಇಲ್ಲಿಯವರೆಗೆ ಕೊಂಡದ್ದೆಲ್ಲ ನಾಲ್ಕು ಕಾಲಿನದು!

ಇಬ್ರಾಹಿಂಪುರದ ಆ ಓಣಿಯಲ್ಲಿ, ಅಜಿತನ ಮನೆ ಮುಂದಿನ ಬೇವಿನ ಮರದ ನೆರಳಲ್ಲಿ ಗಾಡಿ ನಿಂತಿತ್ತು. ಕೆಂಪು ಟ್ಯಾಂಕು, ಎರಡು ಸೈಲೆನ್ಸರು. ಅಪ್ಪ ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಇಂಥದೇ ಗಾಡಿಯನ್ನು ಒಂದು ರೌಂಡ್ ಹೊಡೆಯಲು ಕೊಟ್ಟಿದ್ದನಂತೆ. ಒಂದೇ ರೌಂಡ್! ಅದನ್ನು ಅಪ್ಪ ಇನ್ನೂ ಮರೆತಿಲ್ಲ. “ಸ್ಟಾರ್ಟ್ ಆದ ಮ್ಯಾಲೆ ಕಿಕ್ಕರ್ ಮಡಚಿದ್ರ ಅದ ಗೇರ್ ಆಗತೈತಿ, ಗೊತ್ತೇನ?” ಎಂದು ಎಂಟು ದಿನಗಳಿಂದ ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದ.

ಕೇಳಿ ಕೇಳಿ ಮೇಘಾಳಿಗೂ ಹುಚ್ಚು ಹಿಡಿದಿತ್ತು. ಇವತ್ತು ಗಾಡಿ ಮನೆಗೆ ಬರಲೇಬೇಕು. ಶನಿವಾರವೇ ಕ್ಲಾಸಿನಲ್ಲಿ ಸಬೀರಾಳಿಗೆ ಹೇಳಿಬಿಟ್ಟಿದ್ದಳು: “ಸೋಮವಾರ ಗೇಟ್ ಹತ್ರ ನಿಂದ್ರು. ನಾ ಹೆಂಗ ಬರ್ತೇನಿ ನೋಡು!” ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ದೊಡ್ಡವರು ಮಾತಾಡುತ್ತಿದ್ದಾಗ ಮೇಘಾ ಬಗ್ಗಿ ಇಂಜಿನ್ ಮುಟ್ಟಿದಳು. ಚುರ್ ಎಂದಿತು! ಥಟ್ಟನೆ ಕೈ ಹಿಂದಕ್ಕೆ ತೆಗೆದಳು. ಕೂಗಿಕೊಂಡರೆ ಗಾಡಿ ಮೇಲೆ ಕೂರಲು ಬಿಡುವುದಿಲ್ಲ ಎಂದು ಸುಮ್ಮನಾದಳು.

“ಮೂರು ದಿನ ಆತ್ರಿ, ಹೊರಗ ತಗದೇ ಇಲ್ಲ. ಆದ್ರೂ ನೋಡ್ರಿ, ಒಂದ ಕಿಕ್!” ಎನ್ನುತ್ತ ಅಜಿತ ಒದ್ದ.

ಡುಗು ಡುಗು ಡುಗು! ಗಾಡಿ ಶುರುವಾಗಿಯೇ ಬಿಟ್ಟಿತು. ಅಪ್ಪನ ಮುಖ ನೋಡಬೇಕಿತ್ತು. ಅಷ್ಟು ಅಗಲ ನಗು ಮೇಘಾ ಅವನ ಮುಖದ ಮೇಲೆ ಯಾವತ್ತೂ ನೋಡಿರಲಿಲ್ಲ.

ಅಜ್ಜ ಗಾಡಿಯ ಸುತ್ತ ಒಂದು ಸುತ್ತು ಬಂದ. ಟೈರ್ ಒತ್ತಿದ. ಸೀಟಿಗೆ ಎರಡು ಏಟು ಹಾಕಿದ.

“ಎತ್ತಾಗಿದ್ರ ಮುಂಜಾನೆದ್ದು ಹೇಳದ ಕೇಳದ ಮಾರೋರ ಮನಿಗೆ ಹೋಗ್ತಿದ್ದೆ, ಭೀಮಾ,” ಎಂದು ಅಪ್ಪನಿಗೆ ಹೇಳಿದ. “ಮಲಗಿದ್ದು ಹೆಂಗ ಏಳತೈತಿ ಅಂತ ನೋಡಿದ್ರ ಸಾಕು, ಎಲ್ಲಾ ತಿಳೀತೈತಿ. ನಾಕು ಸುತ್ತು ಅಡ್ಡ್ಯಾಡಿಸಿ ಮೈ ಬಿಸಿ ಮಾಡಿದ್ರ ಕುಂಟೆತ್ತೂ ಕುದುರಿ ಆಗತೈತಿ. ಆದ್ರ ಇದು ಮೂರು ದಿನ ಮಲಗಿದ್ದು ಒಂದ ಒದಿಗೆ ಎದ್ದೈತಿ. ಗಟ್ಟಿ ಐತಿ ಬಿಡು.”

ಅಜ್ಜ ಹೆಗಲ ಮೇಲಿನ ಟಾವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಅಜಿತನ ಕಡೆ ಚಾಚಿದ. ಅಜಿತನಿಗೆ ತಲೆಬುಡ ತಿಳಿಯಲಿಲ್ಲ. ಮೇಘಾಳಿಗೆ ತಿಳಿಯಿತು. ಎತ್ತಿನ ಸಂತೆಯಲ್ಲಿ ರೇಟು ಬಾಯಿಯಿಂದ ಹೇಳುವುದಿಲ್ಲ. ಟಾವೆಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಒಮ್ಮೆ ಬೆರಳು ಹಿಡಿದು ಹೂಂ ಅಂದರೆ ಮುಗಿಯಿತು, ಅಜ್ಜ ಸತ್ತರೂ ಮಾತು ತಪ್ಪುವುದಿಲ್ಲ.

ಮೇಘಾ ಸುಟ್ಟ ಬೆರಳು ನೋಡಿಕೊಂಡಳು. ಮೂರು ದಿನ ಮಲಗಿದ್ದ ಗಾಡಿ ಸುಡುವುದು ಹೇಗೆ? ಹೇಳಿದರೆ ಗಾಡಿ ಹೋಯಿತು. ಸಬೀರಾ ನಗುತ್ತಾಳೆ. ಅಪ್ಪನ ಆ ನಗು ಹೋಗುತ್ತದೆ. ಹೇಳದಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ. ಅಜಿತನ ಕೈ ಟಾವೆಲಿನ ಹತ್ತಿರ ಬರುತ್ತಿತ್ತು.

“ಅಜ್ಜಾ, ತಡಿ!” ಎಂದು ಮೇಘಾ ಕೂಗಿದಳು. “ಕಾಕಾ ಒದಿಯೂಕಿಂತ ಮೊದ್ಲ ನಾ ಇಂಜಿನ್ ಮುಟ್ಟೇನಿ. ಆವಾಗ್ಲೇ ಸುಡಾಕತ್ತಿತ್ತು!”

“ಬಿಸಿಲಿಗೆ ಕಾದಿರಬೇಕು ಬಿಡು,” ಎಂದ ಅಪ್ಪ ಗಡಿಬಿಡಿಯಿಂದ.

“ಬಿಸಿಲು ಎಲ್ಲಿ ಐತಪ್ಪಾ? ನೆರಳಾಗ ನಿಂತೈತಲ್ಲ.”

ಅಜಿತನ ಕಿವಿ ಕೆಂಪಾದವು. “ಅದೇನಂದ್ರ… ನೀವು ಬರ್ತೀರಂತ ಸ್ವಲ್ಪ ಚಾಲೂ ಮಾಡಿ ಇಟ್ಟಿದ್ದೆರಿ.”

ಅಜ್ಜ ಸಿಟ್ಟಾಗಲಿಲ್ಲ. ಟಾವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು, ಗಾಡಿ ಬಂದ್ ಮಾಡಿಸಿ, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ. “ಹಂಗಾರ ಮಲಗಲಿ. ಏಳೂದು ನೋಡಿ ಹೋಗೂಣು.”

“ಎಷ್ಟೊತ್ತು ಕೂಡ್ತೀರಿ ಯಜ್ಜಾ?”

“ಅದಕ್ಕೆಷ್ಟು ನಿದ್ದಿ ಬೇಕೋ ಅಷ್ಟು.”

ಎರಡು ತಾಸು ಕುಳಿತರು! ಅಜಿತನ ಅವ್ವ ಹನಮವ್ವ ಎರಡು ಸಲ ಚಹಾ ಮಾಡಿಕೊಟ್ಟಳು. ಮೇಘಾ ಹತ್ತು ನಿಮಿಷಕ್ಕೊಮ್ಮೆ ಹೋಗಿ ಇಂಜಿನ್ ಮುಟ್ಟಿ ನೋಡಿದಳು. ಕೊನೆಗೊಮ್ಮೆ ಅದು ತಣ್ಣಗಾಯಿತು. ‘ಒಂದೇ ಒದೆಗೆ ಏಳು, ಪ್ಲೀಸ್’ ಎಂದು ಅವಳು ಗಾಡಿಗೇ ಬೇಡಿಕೊಂಡಳು.

ಅಪ್ಪ ಒದ್ದ. ಏಳಲಿಲ್ಲ. ಮತ್ತೆ ಒದ್ದ. ಹತ್ತಾಯಿತು, ಇಪ್ಪತ್ತಾಯಿತು. ಬೆನ್ನ ಮೇಲೆ ಅಂಗಿ ಒದ್ದೆಯಾಯಿತು. ಮೂವತ್ತೊಂದನೆಯ ಒದೆಗೆ ಫಟ್ ಎಂದು ಒಂದು ಸದ್ದು, ಒಂದು ಮುದ್ದೆ ಹೊಗೆ, ಮತ್ತೆ ಸುಮ್ಮನಾಯಿತು.

“ಇಂಜಿನ್ ಪೂರಾ ಬಿಚ್ಚಬೇಕು ಅಂದಾನ್ರಿ ಮಿಸ್ತ್ರಿ,” ಎಂದು ಅಜಿತ ಮೆಲ್ಲಗೆ ಒಪ್ಪಿಕೊಂಡ. “ನನ್ನ ಕೈಲಿ ಆಗವಲ್ದು. ಅದಕ್ಕ ಮಾರಾಕತ್ತೇನಿ.”

ಅಪ್ಪ ಕೆಂಪು ಟ್ಯಾಂಕಿನ ಮೇಲೆ ಒಮ್ಮೆ ಕೈಯಾಡಿಸಿದ. “ಬ್ಯಾಡ ತಮ್ಮಾ,” ಎಂದ. ಅಷ್ಟೇ.

ಅಜ್ಜನನ್ನು ಬಸ್ಸಿಗೆ ಹತ್ತಿಸಲು ಸ್ಟೇಷನ್ ರಸ್ತೆಯ ಕಡೆ ನಡೆದರು. ಅಜ್ಜ ದಾಪುಗಾಲು ಹಾಕುತ್ತ ಮುಂದೆ ಹೋದ. ಅಪ್ಪ ತಿರುಗಿ ತಿರುಗಿ ಓಣಿಯ ಕಡೆ ನೋಡುತ್ತ ನಡೆದ. ಮೇಘಾಳಿಗೆ ಅಳು ತಡೆಯಲಾಗಲಿಲ್ಲ.

“ನಾ ಸುಮ್ನ ಇರಬೇಕಿತ್ತಪ್ಪಾ.”

ಅಪ್ಪ ನಿಂತ. “ಮೇಘಾ, ನಿನಗಿಂತ ಮೊದ್ಲ ನಾ ಮುಟ್ಟಿದ್ದೆ. ನನಗೂ ಬಿಸಿ ತಾಕಿತ್ತು.”

ಮೇಘಾ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. “ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಗಾಡಿ ಹೋಗ್ತಿತ್ತಲ್ಲ ಮಗಳ,” ಎಂದ ಅಪ್ಪ.

ಅವನ ಕೆಳದುಟಿ ಸ್ವಲ್ಪ ಮುಂದೆ ಬಂದಿತ್ತು. ಹೋಮ್‌ವರ್ಕ್ ಮಾಡದೆ ಬಂದ ಹುಡುಗರ ಮುಖ ಕ್ಲಾಸಿನಲ್ಲಿ ಹಾಗೇ ಇರುತ್ತದೆ. ಗಾಡಿಯ ಆಸೆ ತನಗಿಂತ ಅವನಿಗೇ ಎಷ್ಟೋ ಹೆಚ್ಚಾಗಿತ್ತು ಎಂದು ಮೇಘಾಳಿಗೆ ಹೊಳೆಯಿತು. ಅವಳ ಅಳು ನಿಂತಿತು.

ರಸ್ತೆಯಲ್ಲಿ ಆಟೋಗಳು ಒಂದರ ಹಿಂದೊಂದು ಬರುತ್ತಿದ್ದವು. ಇಂಥ ಕಡೆ ಅಪ್ಪನೇ ಅವಳ ಕೈ ಹಿಡಿಯುತ್ತಿದ್ದ. ಇವತ್ತು ಅವಳು ಅವನ ಕೈ ಹಿಡಿದುಕೊಂಡಳು.

“ಮುಂದಿನ ಐತವಾರ ಬ್ಯಾರೆ ಗಾಡಿ ನೋಡಾಕ ಹೋಗೂಣು. ಅಜ್ಜ ಹೇಳಿದಂಗ, ಹೇಳದ ಕೇಳದ. ಆರು ಗಂಟೆಕ್ಕ ನಾ ಎಬ್ಬಸ್ತೇನಿ.”



“ಐದಕ್ಕ ಎಬ್ಬಿಸು,” ಎಂದ ಅಪ್ಪ.