ಪಾಸು ಮೇಷ್ಟ್ರ ನಾಲ್ಕು ಟೈರು

ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಚಹಾದ ಫ್ಲಾಸ್ಕ್ ಇತ್ತು, ಮುಚ್ಚಳ ಇರಲಿಲ್ಲ. ಚೆಲ್ಲಿದ ಬಿಸಿ ಚಹಾಕ್ಕೆ ಮುಂಗೈ ಕೆಂಪಗೆ ಸುಟ್ಟಿದ್ದರೂ ಅವಳಿಗೆ ಅದರ ಪರಿವೆ ಇದ್ದಂತಿರಲಿಲ್ಲ.

"ನಮ್ಮ ಯಜಮಾನ್ರನ್ನ ಹೊಡೆದು ಹಾಕಿದಾರೆ," ಎಂದಳು. "ಮುಖದಲ್ಲಿ ಗುರುತೇ ಇಲ್ಲ. ಕೈ ನೋಡಿ ಇವ್ರೇ ಅಂತ ಗೊತ್ತಾಯ್ತು."

ಇನ್‌ಸ್ಪೆಕ್ಟರ್ ಅವಳನ್ನು ಕೂರಿಸಿ, ಬಟ್ಟೆ ಒದ್ದೆ ಮಾಡಿ ಸುಟ್ಟ ಕೈಗೆ ಸುತ್ತಿದರು. ಆಗಷ್ಟೇ ಆ ಹೆಂಗಸು ಅತ್ತಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇದನ್ನು ಎಷ್ಟೋ ಸಲ ಕಂಡಿದ್ದರು. ದೊಡ್ಡ ನೋವಿಗೆ ಬಾರದ ಅಳು, ಯಾರಾದರೂ ಸಣ್ಣ ನೋವನ್ನು ಗಮನಿಸಿದ ಕೂಡಲೇ ಬರುತ್ತದೆ. ದಫೇದಾರ ದೂರು ಬರೆದುಕೊಂಡ. ಎಫ್‌ಐಆರ್ ದಾಖಲಾಯಿತು.

ಸತ್ತವನು ಗ್ಯಾರೇಜು ಬೀದಿಯ ಮೆಕ್ಯಾನಿಕ್. ಊರೆಲ್ಲ ಅವನನ್ನು ಕರೆಯುತ್ತಿದ್ದುದು ಪಾಸು ಮೇಷ್ಟ್ರು ಎಂದು. ಹಳೆಯ ಕಾರುಗಳು ಸರ್ಕಾರದ ಕಡ್ಡಾಯ ತಪಾಸಣೆಗೆ ಹೋಗಲೇಬೇಕಲ್ಲ, ಅವುಗಳನ್ನು ಸಿದ್ಧ ಮಾಡುವುದೇ ಅವನ ಕಸುಬು. ತುಕ್ಕಿಗೆ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿಯುತ್ತಿದ್ದ, ತೂತಾದ ಸೈಲೆನ್ಸರಿಗೆ ತಗಡು ಸುತ್ತುತ್ತಿದ್ದ, ಆಕಾಶ ನೋಡುತ್ತಿದ್ದ ಹೆಡ್‌ಲೈಟನ್ನು ರಸ್ತೆ ನೋಡುವಂತೆ ತಿರುಗಿಸುತ್ತಿದ್ದ. ಅವನ ಕೈ ದಾಟಿ ಹೋದ ಗಾಡಿ ಫೇಲಾಗಿ ಬಂದದ್ದಿಲ್ಲ.

ಶೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಗ್ರೀಸ್ ವಾಸನೆಯ ಜೊತೆ ರಕ್ತದ ವಾಸನೆ ಬೆರೆತಿತ್ತು. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಬೂದು ಬಣ್ಣದ ಕಾರು. ಅದರ ಮುಂದಿನ ಚಕ್ರದ ಪಕ್ಕ ಮೇಷ್ಟ್ರು ಅಂಗಾತ ಬಿದ್ದಿದ್ದ. ಮೊದಲ ಏಟು ಹಿಂದಿನಿಂದ ಕಿವಿಯ ಮೇಲೆ ಬಿದ್ದಿತ್ತು, ಉಳಿದವೆಲ್ಲ ಮುಖಕ್ಕೆ. ದವಡೆ ಒಂದು ಕಡೆಗೆ ಜರುಗಿತ್ತು. ಹಲ್ಲುಗಳು ನಟ್ಟು ಬೋಲ್ಟುಗಳ ನಡುವೆ ಚೆಲ್ಲಿದ್ದವು. ಚಕ್ರ ಬಿಚ್ಚುವ ಉದ್ದನೆಯ ಸ್ಪ್ಯಾನರ್ ಪಕ್ಕದಲ್ಲೇ ಇತ್ತು, ಅದರ ತುದಿಗೆ ಕೂದಲು ಅಂಟಿತ್ತು.

ಪಂಚನಾಮೆ ಬರೆಸುತ್ತಿದ್ದ ದಫೇದಾರ ನಡುವೆ ನಿಲ್ಲಿಸಿದ. "ಮೇಡಂ, ಇಲ್ಲಿ ನೋಡಿ. ಕೊಂದಿದ್ದು ಸಾಲದೂಂತ ಟೈರಿಗೂ ಚುಚ್ಚಿದಾನೆ."

ಬೂದು ಕಾರಿನ ನಾಲ್ಕೂ ಟೈರುಗಳ ಪಕ್ಕೆಯನ್ನು ಚೂರಿಯಿಂದ ಸೀಳಿದ್ದರು. ಒಂದೊಂದಕ್ಕೂ ಮೂರು ನಾಲ್ಕು ಸಲ ಇರಿದ ಗುರುತಿತ್ತು. ರಬ್ಬರ್ ಕತ್ತರಿಸುವ ಚೂರಿ ಕೊನೆಯ ಟೈರಿನಲ್ಲೇ ಸಿಕ್ಕಿಕೊಂಡಿತ್ತು, ಅದರ ಹಿಡಿ ರಕ್ತದಲ್ಲಿ ತೊಯ್ದಿತ್ತು. ಗೋಡೆಗೆ ಒರಗಿಸಿದ್ದ ಸವೆದ ಟೈರುಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

"ಸಿಟ್ಟು ಬಂದವನು ಕೈಗೆ ಸಿಕ್ಕಿದ್ದನ್ನ ಹರೀತಾನೆ," ಎಂದರು ಇನ್‌ಸ್ಪೆಕ್ಟರ್. "ಇವನು ಆರಿಸಿ ಹರಿದಿದಾನೆ. ಯಾಕೆ?"

"ಕೊಂದವನ ತಲೇಲಿ ಏನಿರುತ್ತೆ ಅಂತ ಹೇಗೆ ಹೇಳೋದು ಮೇಡಂ? ಮೇಷ್ಟ್ರ ಭಾವಮೈದ ನಾಪತ್ತೆ. ಮೊದಲು ಅವನನ್ನ ಹುಡುಕೋಣ."

ಭಾವಮೈದನೆಂದರೆ ಸತ್ತವನ ಹೆಂಡತಿಯ ತಮ್ಮ. ನಲವತ್ತು ದಾಟಿದ, ಮದುವೆಯಾಗದ ಮನುಷ್ಯ, ಹತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ವಾರದ ಹಿಂದೆ ಭಾವನ ಜೊತೆ ಬೀದಿಯಲ್ಲೇ ಜಗಳವಾಡಿ ಒಂದು ಹಲ್ಲು ಕಳೆದುಕೊಂಡಿದ್ದ. ಆ ದಿನ ನಸುಕಿನಲ್ಲಿ ಅವನು ಶೆಡ್ಡಿನಿಂದ ಓಡಿಹೋದದ್ದನ್ನು ಎದುರು ಅಂಗಡಿಯವನು ಕಂಡಿದ್ದ.

ಪೊಲೀಸರಿಗಿಂತ ಮೊದಲು ಬೀದಿಯವರಿಗೇ ಅವನು ಸಿಕ್ಕಿದ. ಜೀಪು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಏಳೆಂಟು ಮೆಕ್ಯಾನಿಕ್ಕುಗಳು ಅವನನ್ನು ಕಂಬಕ್ಕೆ ಕಟ್ಟಿ ಫ್ಯಾನ್ ಬೆಲ್ಟುಗಳಿಂದ ಬಾರಿಸುತ್ತಿದ್ದರು. ಅಂಗಿ ಹರಿದು, ಬೆನ್ನಿನ ಚರ್ಮ ಪಟ್ಟೆಪಟ್ಟೆಯಾಗಿ ಎದ್ದಿತ್ತು. ಇನ್‌ಸ್ಪೆಕ್ಟರ್ ನಡುವೆ ನುಗ್ಗಿದರು. ಬೀಸಿದ ಬೆಲ್ಟೊಂದು ಅವರ ಹೆಗಲಿಗೇ ಬಿತ್ತು. ಹೊಡೆದವನು ಗಾಬರಿಯಾಗಿ ನಿಂತ.

"ಅಯ್ಯೋ ಮೇಡಂ, ನಿಮಗಲ್ಲ..."

"ಗೊತ್ತಾಯ್ತು. ಅದನ್ನ ನೆಲಕ್ಕೆ ಹಾಕು. ಇವನು ಇಲ್ಲಿ ಸತ್ತರೆ ನಿಮ್ಮೆಲ್ಲರ ಮೇಲೂ ಕೊಲೆ ಕೇಸು. ಬಿಚ್ಚು ಹಗ್ಗ."

ಅವನ ಅಂಗಿಯ ತುಂಬ ರಕ್ತವಿತ್ತು. ಅದರಲ್ಲಿ ಅವನದೆಷ್ಟು, ಭಾವನದೆಷ್ಟು ಎಂದು ಹೇಳಲು ಪ್ರಯೋಗಾಲಯವೇ ಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಮುಂದೆ ಗದ್ದಲ ಶುರುವಾಯಿತು. ಒಳಗಿದ್ದ ಬೇರೆ ಎರಡು ಕಾರುಗಳ ಮಾಲೀಕರು ಬಂದು, "ಇವತ್ತು ತಪಾಸಣೆಗೆ ತಾರೀಕು ಕೊಟ್ಟಿದಾರೆ, ನಮ್ಮ ಗಾಡಿ ಬಿಡಿ," ಎಂದು ಕಾವಲಿನ ಮಹಿಳಾ ಪೇದೆಯ ಜೀವ ತಿಂದರು. "ಹೆಣ ಇನ್ನೂ ಬೆಚ್ಚಗಿದೆ, ಇವ್ರಿಗೆ ಪಾಸಿನ ಸ್ಟಿಕ್ಕರ್ ಚಿಂತೆ," ಎಂದು ಅವಳು ಬೈದುಕೊಂಡಳು. ಬೂದು ಕಾರಿನ ಒಡತಿ ಮಾತ್ರ ಬರಲಿಲ್ಲ. ಅವಳ ತಾರೀಕೂ ಅಂದೇ ಇತ್ತು. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಇನ್‌ಸ್ಪೆಕ್ಟರ್ ತಾವೇ ಅಲ್ಲಿಗೆ ಹೋದರು.

"ಕಾರು ಯಾವಾಗ ಬಿಟ್ಟಿರಿ?"

"ಮೊನ್ನೆ."

"ಆಮೇಲೆ ಹೋಗಿದ್ರಾ?"

"ನಾನು ಹೋಗಿಲ್ಲ ಮೇಡಂ." ಅವಳು ಮಿಷನ್ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. ಸೂಜಿಗೆ ನೂಲೇ ಇರಲಿಲ್ಲ. ಆದರೂ ತುಳಿಯುತ್ತಲೇ ಇದ್ದಳು.

ಅದನ್ನು ಇನ್‌ಸ್ಪೆಕ್ಟರ್ ಕಂಡರು. ಕೊಲೆಯ ಸುದ್ದಿ ಕೇಳಿ ಕಂಗೆಟ್ಟಿದ್ದಾಳೆ ಎಂದುಕೊಂಡು ಎದ್ದು ಬಂದರು.

ಠಾಣೆಗೆ ಮರಳಿದಾಗ ಲಾಕಪ್ಪಿನಿಂದ ಕೂಗು ಕೇಳಿಸುತ್ತಿತ್ತು. ಭಾವಮೈದನನ್ನು ಬೋರಲು ಮಲಗಿಸಿ ದಫೇದಾರ ಅಂಗಾಲಿಗೆ ಲಾಠಿ ಬಿಡುತ್ತಿದ್ದ. ಬಲಗೈಯ ಎರಡು ಬೆರಳು ಆಗಲೇ ಮುರಿದು ಊದಿದ್ದವು. ಇನ್‌ಸ್ಪೆಕ್ಟರ್ ಲಾಠಿ ಕಿತ್ತುಕೊಂಡರು.

"ಮೇಡಂ, ನಾಳೆ ಸಂಜೆಯೊಳಗೆ ಮುಗಿಸಿ ಅಂತ ಮೇಲಿಂದ ಫೋನ್ ಬಂದಿದೆ. ಇವನಿಗೆ ದ್ವೇಷ ಇದೆ, ಮೈಮೇಲೆ ರಕ್ತ ಇದೆ, ಓಡಿದ್ದೂ ಇದೆ. ಇನ್ನೇನು, ನಿಮ್ಮ ಕಾಲು ಒತ್ತುತ್ತಾ ಒಪ್ಕೋಬೇಕಾ?"

"ಬೆರಳು ಯಾರು ಮುರಿದದ್ದು?"

ದಫೇದಾರ ಗೋಡೆ ನೋಡಿದ. "ಬಿದ್ದ."

"ನನ್ನ ವರದಿಯಲ್ಲಿ ಬಿದ್ದ ಅಂತ ಇರಲ್ಲ. ವೈದ್ಯರನ್ನ ಕರೆಸು."

ಹೊರಗೆ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಕುಳಿತಿದ್ದಳು, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡೇ. ಇನ್‌ಸ್ಪೆಕ್ಟರ್ ಹತ್ತಿರ ಬಂದಾಗ ತಲೆ ಎತ್ತಿದಳು.

"ಗಂಡನ ಹೆಣ ಆಸ್ಪತ್ರೇಲಿದೆ. ತಮ್ಮನ ಕೂಗು ಇಲ್ಲಿ ಕೇಳ್ತಿದೆ. ನಾನು ಯಾವ ಕಡೆ ಹೋಗ್ಲಿ, ನೀವೇ ಹೇಳಿ. ಹೆಂಡ್ತಿ ಆಗಿರ್ಲಾ, ಅಕ್ಕ ಆಗಿರ್ಲಾ?"

"ಅವನು ಮಾಡಿರಬಹುದು ಅಂತ ನಿಮಗನ್ಸುತ್ತಾ?"

"ಅವನಿಗೆ ಇಲಿ ಹೊಡೆಯೋಕೂ ಬರಲ್ಲ. ಆದ್ರೆ ನಾಳೆ ಸಂಜೆಗೆ ಒಪ್ಕೊಂಡಿರ್ತಾನೆ. ಇನ್ನೆರಡು ಬೆರಳು ಮುರಿದ್ರೆ ಯಾರಾದ್ರೂ ಒಪ್ಕೋತಾರೆ."

ಮನೆಯಲ್ಲಿ ಇನ್‌ಸ್ಪೆಕ್ಟರೂ ಮೂರು ಜನ ತಮ್ಮಂದಿರ ಅಕ್ಕನೇ. ಸಮವಸ್ತ್ರದೊಳಗೆ ಅದನ್ನು ಮಡಿಸಿಟ್ಟುಕೊಂಡು ಬರುವುದು ರೂಢಿಯಾಗಿತ್ತು. ಅಂದು ಆ ಮಡಿಕೆ ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಅವರೇ ಲಾಕಪ್ಪಿನೊಳಗೆ ನೆಲದ ಮೇಲೆ ಕುಳಿತರು. ಭಾವಮೈದನ ಬೆರಳಿಗೆ ಪಟ್ಟಿ ಬಿದ್ದಿತ್ತು.

"ನಿನ್ನೆಯಿಂದ ಎಲ್ಲರೂ ಯಾಕೆ ಕೊಂದೆ ಅಂತಾನೇ ಕೇಳಿದಾರೆ. ನಾನು ಅದನ್ನ ಕೇಳಲ್ಲ. ಬೂದು ಕಾರಿಗೆ ಹಾಕಿದ್ದ ಟೈರು ಯಾರದು?"

ಅವನು ತಲೆ ಎತ್ತಿದ. "ಯಾರದೂ ಅಲ್ಲ ಮೇಡಂ. ಶೆಡ್ಡಿಂದು. ಮದುಮಗನ ಬೂಟು ಅಂತೀವಿ."

"ಅಂದ್ರೆ?"

"ಎರವಲು ಬೂಟು ಹಾಕ್ಕೊಂಡು ಮದುವೆಗೆ ನಿಲ್ತಾರಲ್ಲ, ಹಾಗೆ. ಸವೆದ ಟೈರು ತಪಾಸಣೇಲಿ ಪಾಸಾಗಲ್ಲ. ಅದಕ್ಕೆ ಭಾವ ಒಂದು ಸೆಟ್ ಒಳ್ಳೇ ಟೈರು ಇಟ್ಕೊಂಡಿದ್ರು. ಹಾಕೋದು, ಪಾಸು ಮಾಡಿಸ್ಕೊಂಡು ಬರೋದು, ಬಿಚ್ಚಿ ಹಳೇದೇ ಹಾಕಿಕೊಡೋದು. ಸಂಜೆಗೆ ಅದೇ ಬೂಟು ಇನ್ನೊಂದು ಗಾಡೀಗೆ."

"ಮಾಲೀಕರಿಗೆ ಗೊತ್ತಿರುತ್ತಾ?"

"ಕೆಲವ್ರಿಗೆ ಗೊತ್ತು. ಕೆಲವ್ರು ಕೇಳಲ್ಲ, ಇವ್ರು ಹೇಳಲ್ಲ." ಅವನು ತುಟಿ ನೆಕ್ಕಿಕೊಂಡ. "ಐದು ತಿಂಗಳ ಹಿಂದೆ ನಮ್ಮಲ್ಲಿ ಪಾಸಾದ ನೀಲಿ ಕಾರು ಒದ್ದೆ ರಸ್ತೇಲಿ ಜಾರಿ ಲಾರಿಗೆ ಹೊಡೀತು. ಒಂದು ಮಗು ಹೋಯ್ತು. ನನಗೆ ಗೊತ್ತಾಗಿದ್ದು ಹೋದ ವಾರ. ಸಾಕು ಭಾವ, ಆ ಬೂಟು ಸುಟ್ಟುಬಿಡೋಣ ಅಂದೆ. ಹಲ್ಲು ಉದುರಿಸಿದ್ರು."

ಇನ್‌ಸ್ಪೆಕ್ಟರ್ ಕೇಳಿದರು: "ಮೊನ್ನೆ ಸಂಜೆ ಶೆಡ್ಡಿನಲ್ಲಿ ಯಾರಿದ್ರು?"

"ಭಾವ ಒಬ್ರೇ. ತಪಾಸಣೆ ಹಿಂದಿನ ದಿನ ಅವ್ರು ಅಲ್ಲೇ ಮಲಗೋದು. ನಾನು ಬಣ್ಣ ತರೋಕೆ ಹೋದೆ, ಅಂಗಡಿ ಮುಚ್ಚಿತ್ತು, ಹಾಗೇ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ... ಎತ್ತಿ ಕೂರಿಸೋಣ ಅಂತ ಹೋದೆ ಮೇಡಂ, ತಲೆ ಕೈಯಲ್ಲೇ ಕುಸೀತು. ಎಲ್ಲರೂ ನನ್ನನ್ನೇ ಅಂತಾರೆ ಅಂತ ಓಡಿದೆ."

"ಸಂಜೆ ಬಣ್ಣಕ್ಕೆ ಹೋಗುವಾಗ ಯಾರನ್ನಾದ್ರೂ ನೋಡಿದ್ಯಾ?"

"ಬೆಂಚಿನ ಮೇಲೆ ಒಬ್ಬ ಅಕ್ಕ ಕೂತಿದ್ರು. ಬೂದು ಕಾರು ಆಯ್ತಾ ನೋಡೋಕೆ ಬಂದಿದ್ರು."

"ಹೊಲಿಗೆ ಅಂಗಡಿಯವರಾ?"

"ಅಲ್ಲ. ಅವ್ರ ಹಾಗೇ ಇದ್ರು. ಸ್ವಲ್ಪ ದೊಡ್ಡವ್ರು."

ನಾನು ಹೋಗಿಲ್ಲ ಮೇಡಂ. ನೂಲಿಲ್ಲದ ಸೂಜಿಯ ಸದ್ದು ಇನ್‌ಸ್ಪೆಕ್ಟರರ ಕಿವಿಯಲ್ಲಿ ಮತ್ತೆ ಓಡಿತು. ಹೊಲಿಗೆ ಅಂಗಡಿಯವಳು ಸುಳ್ಳಾಡಿರಲಿಲ್ಲ. ತಾವೇ ಅರ್ಧ ಪ್ರಶ್ನೆ ಕೇಳಿ ಎದ್ದು ಬಂದಿದ್ದರು.

ಈ ಸಲ ಹೊಲಿಗೆ ಅಂಗಡಿಯಲ್ಲಿ ಹೆಚ್ಚು ಮಾತು ಬೇಕಾಗಲಿಲ್ಲ.

"ನಿಮ್ಮ ಅಕ್ಕ ಎಲ್ಲಿ?"

ಆ ಹೆಂಗಸು ಮಿಷನ್ ಮೇಲೆ ತಲೆ ಇಟ್ಟಳು. "ನಾನೇ ಕಳಿಸಿದ್ದು ಮೇಡಂ. ಮಗು ಹೋದಾಗಿಂದ ಮನೆ ಬಿಟ್ಟು ಹೊರಗೇ ಬಂದಿರ್ಲಿಲ್ಲ. ಸ್ವಲ್ಪ ಗಾಳಿ ಆಡುತ್ತೆ, ಹೋಗಿ ಕಾರು ನೋಡ್ಕೊಂಡು ಬಾ ಅಂತ ನಾನೇ ಕಳಿಸಿದೆ."

ಅಕ್ಕನ ಮನೆ ಹಿಂದಿನ ಬೀದಿಯಲ್ಲಿತ್ತು. ಬಾಗಿಲು ತೆಗೆದವನು ಗಂಡ. ಪೊಲೀಸರನ್ನು ಕಂಡು ಅವನು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಬಲ ಅಂಗೈಗೆ ಬಟ್ಟೆ ಸುತ್ತಿತ್ತು, ಚೂರಿ ಜಾರಿದ ಗಾಯ. ಇನ್‌ಸ್ಪೆಕ್ಟರ್ ಎರಡೇ ಮಾತಿನಲ್ಲಿ ಬಂದ ಕಾರಣ ಹೇಳಿದರು.

"ಒಂದು ಸಾಲ್ಲಿಲ್ವಾ ನಿನಗೆ?" ಎಂದ ಗಂಡ. ಇನ್ನಾರೂ ಅಲುಗುವ ಮೊದಲೇ ಅವಳ ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. "ಮಗೂನ ಕೊಂದೆ, ಈಗ ಇನ್ನೊಬ್ಬನಾ? ಒಂದು ಸಾಲ್ಲಿಲ್ವಾ?"

ಎರಡನೆಯ ಸಲ ಬಡಿಯುವಷ್ಟರಲ್ಲಿ ಮಹಿಳಾ ಪೇದೆ ಅವನ ತೋಳನ್ನು ಬೆನ್ನಿಗೆ ತಿರುಚಿ ಮೊಣಕಾಲ ಮೇಲೆ ಕೆಡವಿದ್ದಳು. ಹೆಂಗಸಿನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಅವಳು ಒರೆಸಿಕೊಳ್ಳಲೂ ಇಲ್ಲ, ಗಂಡನ ಕಡೆ ನೋಡಲೂ ಇಲ್ಲ. ಇದು ಹೊಸದಲ್ಲವೆಂದು ಇನ್‌ಸ್ಪೆಕ್ಟರಿಗೆ ತಿಳಿದುಹೋಯಿತು.

ಹುಬ್ಬಿಗೆ ಹೊಲಿಗೆ ಹಾಕಿಸಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಹೇಳಿಕೆ ಶುರುವಾಯಿತು.

"ಮೇಷ್ಟ್ರಿಗೆ ನೀವು ಯಾರು ಅಂತ ಗೊತ್ತಿತ್ತಾ?"

"ಇಲ್ಲ. ತಂಗಿ ಕಾರಿನ ಹೊಸ ಟೈರು ನೋಡಿ, ಚೆನ್ನಾಗಿದೆ ಅಂದೆ. ಇವು ಬರೀ ಪರೀಕ್ಷೆಗೆ ಅಕ್ಕಾ, ನಾಳೆ ಬಿಚ್ಚಿಬಿಡ್ತೀನಿ ಅಂತ ನಕ್ಕ. ನನ್ನ ನೀಲಿ ಕಾರಿಗೂ ಹೀಗೇ ಮಾಡಿದ್ರಾ ಅಂದೆ. ಎಲ್ಲರಿಗೂ ಇದೇ ಬೂಟು, ಗಾಡಿ ಪಾಸಾಯ್ತು ತಾನೇ ಅಂದ. ಆಮೇಲೆ ಆ ಕಡೆ ತಿರುಗಿ ಬಗ್ಗಿದ."

"ಸ್ಪ್ಯಾನರ್?"

"ಬೆಂಚಿನ ಮೇಲಿತ್ತು."

"ಎಷ್ಟು ಸಲ ಹೊಡೆದ್ರಿ?"

"ಅವನು ನಗ್ತಾ ಇದ್ದ ಹಾಗೇ ಕಾಣ್ತಿತ್ತು. ಹಾಗೆ ಕಾಣೋದು ನಿಲ್ಲೋ ತನಕ."

"ಟೈರು ಯಾಕೆ ಹರಿದ್ರಿ?"

"ಇನ್ನೊಂದು ಕಾರಿಗೆ ಹಾಕಬಾರದು ಅಂತ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ನಿಮ್ಮ ಬದಲು ಇನ್ನೊಬ್ಬ ಒಳಗಿದ್ದ. ಗೊತ್ತಿತ್ತಾ?"

"ತಂಗಿ ಹೇಳಿದ್ಲು."

"ಬಂದು ಹೇಳ್ತಿದ್ರಾ?"

ಅವಳು ಯೋಚಿಸಿದಳು. "ಗೊತ್ತಿಲ್ಲ. ಇನ್ನೊಬ್ಬರ ತಪ್ಪು ಐದು ತಿಂಗಳು ನಾನು ಹೊತ್ತಿದೀನಿ. ಅವನೊಂದೆರಡು ದಿನ ಹೊರಲಿ ಅಂದ್ಕೊಂಡೆ."

ಇನ್‌ಸ್ಪೆಕ್ಟರಿಗೆ ಅವಳ ಮೇಲೆ ಹುಟ್ಟುತ್ತಿದ್ದ ಮರುಕ ಅಲ್ಲೇ ಒಮ್ಮೆ ಮುಗ್ಗರಿಸಿತು. ಕಿಟಕಿಯಾಚೆ ಭಾವಮೈದನನ್ನು ಬಿಡುಗಡೆ ಮಾಡುತ್ತಿದ್ದರು. ಅಂಗಾಲು ಊರಲಾಗದೆ ಅವನು ಅಕ್ಕನ ಹೆಗಲಿಗೆ ಜೋತುಬಿದ್ದಿದ್ದ. ಅವಳು ತನ್ನ ಸುಟ್ಟ ಕೈಯಿಂದಲೇ ಅವನ ಸೊಂಟ ಬಳಸಿ, ಹೆಣ ಪಡೆಯಲು ಆಸ್ಪತ್ರೆಯ ಕಡೆ ನಡೆಸಿಕೊಂಡು ಹೋದಳು.

"ಒಂದು ಮಾತು ಸೇರಿಸ್ಕೊಳ್ಳಿ," ಎಂದಳು ಆರೋಪಿ. "ಅವತ್ತು ನಾನು ಬ್ರೇಕ್ ಒತ್ತಿದ್ದೆ. ಒತ್ತಿ ಹಿಡಿದಿದ್ದೆ. ಕಾರು ನಿಲ್ಲಲಿಲ್ಲ. ಎಲ್ಲರೂ ಗಾಡಿ ಪಾಸಾಗಿದೆ, ನಿನ್ನ ಕಾಲೇ ಒತ್ತಿಲ್ಲ ಅಂದ್ರು. ಹೇಳಿಸ್ಕೊಂಡು ಹೇಳಿಸ್ಕೊಂಡು ನಾನೂ ಒತ್ತಿಲ್ಲವೇನೋ ಅಂತ ನಂಬಿಬಿಟ್ಟಿದ್ದೆ."

ಕೊಲೆಯ ಯಾವ ಕಲಮಿಗೂ ಆ ವಾಕ್ಯದಿಂದ ಉಪಯೋಗವಿರಲಿಲ್ಲ. ಇನ್‌ಸ್ಪೆಕ್ಟರ್ ಅವಳ ಮಾತಿನಲ್ಲೇ ಅದನ್ನು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು.

ಹೊರಗೆ ಬೆಂಚಿನ ಮೇಲೆ ಗಂಡ ಕುಳಿತಿದ್ದ. ಅವರನ್ನು ಕಂಡು ಎದ್ದು ನಿಂತ. ತಂಗಿಯ ಬಾಯಿಂದ ಅವನಿಗೆ ಟೈರಿನ ವಿಷಯ ಆಗಲೇ ಮುಟ್ಟಿತ್ತು.

"ಮೇಡಂ, ಹಾಗಾದ್ರೆ ಅವಳು... ಅವತ್ತು ಬ್ರೇಕ್ ಹಾಕಿದ್ಲಾ?"

"ಒಳಗಿದಾಳೆ. ಐದು ತಿಂಗಳಿಂದ ಕೇಳದೇ ಇದ್ದದ್ದನ್ನ ಹೋಗಿ ಅವಳನ್ನೇ ಕೇಳಿ."

ಅವನು ಬಾಗಿಲ ತನಕ ಹೋದ. ಹಿಡಿಗೆ ಕೈ ಹಾಕಲಾಗದೆ ಅಲ್ಲೇ ನಿಂತ.